ಲೊಸಾನ್ ಒಪ್ಪಂದ, ಒಂದು ರೈಲ್ವೆ ಸ್ಟೇಷನ್ನು, ಹದಿನಾರು ಲಕ್ಷ ಜನ

ಫೋನಲ್ಲಿ ಮ್ಯಾಪ್ ತೆಗೆದು ಗ್ರೀಸ್ ಮತ್ತೆ ಟರ್ಕಿ ಗಡಿನ ಒಂದ್ಸಲ ಝೂಮ್ ಮಾಡಿ ನೋಡಿ. ಟರ್ಕಿಯವರು ಮೆರಿಚ್ ಅನ್ನೋ, ಗ್ರೀಕರು ಎವ್ರೋಸ್ ಅನ್ನೋ ಒಂದೇ ನದಿ, ಗಡಿ ಬಹುಪಾಲು ಅದರ ಜೊತೆನೇ ಸಮುದ್ರದ ತನಕ ಹೋಗುತ್ತೆ, ಆದ್ರೆ ಎದಿರ್ನೆ ಊರಿನ ಹತ್ರ ಮಾತ್ರ ಟರ್ಕಿಯ ಒಂದು ಚೂರು ಜಾಗ ನದಿ ದಾಟಿ ಆಚೆ ದಡದಲ್ಲಿದೆ. ಆ ಚೂರಿನ ಹೆಸರು ಕರಾಆಚ್. ಯಾಕೆ ಹೀಗೆ ಅಂತ ಹುಡುಕ್ತಾ ಹೋಗಿ ನಾನು ರಾತ್ರಿ ಎರಡು ಗಂಟೆ ತನಕ ಓದಿದೆ.

1919ರಿಂದ 1922ರ ತನಕ ಗ್ರೀಸ್‌ಗೂ ಟರ್ಕಿಗೂ ನಡೆದ ಯುದ್ಧದಲ್ಲಿ ಗ್ರೀಕ್ ಸೇನೆ ಅನಾಟೋಲಿಯಾದಲ್ಲಿ, ಅಂದ್ರೆ ಟರ್ಕಿಯ ಏಷ್ಯಾ ಭಾಗದಲ್ಲಿ, ಸೋತು ವಾಪಸ್ ಹೋಯ್ತು. ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಮಾತುಕತೆ ಶುರುವಾದಾಗ ಟರ್ಕಿ ಪರವಾಗಿ ಇಸ್ಮೆತ್ ಪಾಷಾ ಕೂತಿದ್ರು, ಗ್ರೀಸ್ ಪರ ವೆನಿಜೆಲೋಸ್. ಸುಟ್ಟುಹೋದ ಊರುಗಳಿಗೆ ಪರಿಹಾರ ಕೊಡಿ ಅಂದ್ರು ಟರ್ಕಿಯವರು, ಗ್ರೀಕರ ಹತ್ರ ದುಡ್ಡಿಲ್ಲ, ಮೇಲಿಂದ ಲಕ್ಷಗಟ್ಟಲೆ ನಿರಾಶ್ರಿತರು ಬಂದು ಬಿದ್ದಿದ್ದಾರೆ. ಕೊನೆಗೆ ದುಡ್ಡಿನ ಬದಲು ಕರಾಆಚ್ ಕೊಟ್ರು. 1923ರ ಜುಲೈ 24ಕ್ಕೆ ಲೊಸಾನ್ ಒಪ್ಪಂದಕ್ಕೆ ಸಹಿ ಆಯ್ತು.

ಎದಿರ್ನೆಯ ದೊಡ್ಡ ಸ್ಟೇಷನ್ ಇದ್ದಿದ್ದೇ ಕರಾಆಚ್‌ನಲ್ಲಿ. ಆದ್ರೆ ಹಳಿ ಮಾತ್ರ ಗ್ರೀಸ್ ಒಳಗೇ ಹಾದು ಬರ್ತಿತ್ತು, ಹಾಗಾಗಿ ಇಸ್ತಾಂಬುಲ್‌ನಿಂದ ಹೊರಟ ರೈಲು ಬೇರೆ ದೇಶಕ್ಕೆ ಹೋಗಿ ಮತ್ತೆ ತನ್ನ ದೇಶಕ್ಕೆ ಬಂದು ಎದಿರ್ನೆ ಸೇರ್ಬೇಕಿತ್ತು. ಇದು 1971ರಲ್ಲಿ ಹೊಸ ಹಳಿ ಹಾಕೋ ತನಕ ನಡೀತು. ಈಗ ಆ ಹಳೇ ಸ್ಟೇಷನ್ ಕಟ್ಟಡದಲ್ಲಿ ಯೂನಿವರ್ಸಿಟಿಯ ಲಲಿತಕಲೆ ವಿಭಾಗ ಇದೆ.

ಇಷ್ಟಕ್ಕೇ ನಿಂತಿದ್ರೆ ನಾನು ಇದನ್ನ ಬರೀತಿರ್ಲಿಲ್ಲ. ಈ ಒಪ್ಪಂದಕ್ಕೂ ಆರು ತಿಂಗಳು ಮುಂಚೆ, ಜನವರಿ 30ಕ್ಕೆ, ಅದೇ ಲೊಸಾನ್‌ನಲ್ಲಿ ಇನ್ನೊಂದು ಕಾಗದಕ್ಕೆ ಸಹಿ ಬಿದ್ದಿತ್ತು. ಟರ್ಕಿಯಲ್ಲಿರೋ ಆರ್ಥೊಡಾಕ್ಸ್ ಕ್ರೈಸ್ತರೆಲ್ಲ ಗ್ರೀಸ್‌ಗೆ, ಗ್ರೀಸ್‌ನಲ್ಲಿರೋ ಮುಸ್ಲಿಮರೆಲ್ಲ ಟರ್ಕಿಗೆ, ಕಡ್ಡಾಯವಾಗಿ. ಇಸ್ತಾಂಬುಲ್‌ನ ಗ್ರೀಕರು, ಗ್ರೀಸ್‌ನ ಈಶಾನ್ಯ ಮೂಲೆಯ ಪಶ್ಚಿಮ ಥ್ರೇಸ್‌ನ ಮುಸ್ಲಿಮರು ಇಷ್ಟು ಜನಕ್ಕೆ ಮಾತ್ರ ವಿನಾಯಿತಿ. ಆಗಲೇ ಓಡಿಬಂದವರನ್ನೂ ಸೇರಿಸಿದ್ರೆ ಗ್ರೀಸ್‌ಗೆ ಸುಮಾರು 12 ಲಕ್ಷ, ಟರ್ಕಿಗೆ ಸುಮಾರು 4 ಲಕ್ಷ ಜನ.

ನೋಡಿ, ಯಾವ ಭಾಷೆ ಆಡ್ತೀರ ಅಂತ ಯಾರೂ ಕೇಳಲಿಲ್ಲ. ಟರ್ಕಿಯ ನಡುಭಾಗದ ಕಪಡೋಕಿಯಾದ ಎಷ್ಟೋ ಆರ್ಥೊಡಾಕ್ಸ್ ಮನೆಗಳಲ್ಲಿ ಟರ್ಕಿಷ್ ಬಿಟ್ರೆ ಬೇರೆ ಮಾತೇ ಇರಲಿಲ್ಲ, ಅದನ್ನೇ ಗ್ರೀಕ್ ಅಕ್ಷರದಲ್ಲಿ ಬರೀತಿದ್ರು, ಅವರನ್ನ ಗ್ರೀಕರು ಅಂತ ಹಡಗು ಹತ್ತಿಸಿದ್ರು. ಕ್ರೀಟ್ ದ್ವೀಪದ ಮುಸ್ಲಿಮರ ಮನೆಮಾತು ಗ್ರೀಕ್, ಅವರು ತುರ್ಕರು ಅಂತ ಆಯ್ತು. ಅಜ್ಜಿ ಜೋಗುಳ ಹಾಡಿದ ಮಾತು ಹೊಸ ಊರಲ್ಲಿ ಶತ್ರುವಿನ ಮಾತು. ಆಗಲೇ ಲಕ್ಷಾಂತರ ಜನ ಓಡಿಹೋಗಿದ್ರು, ಮತ್ತೆ ಕೊಲೆಗಳಾಗೋದು ಬೇಡ ಅಂತ ನಿರಾಶ್ರಿತರ ಕೆಲಸ ನೋಡ್ತಿದ್ದ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಥರದವರು ಈ ದಾರಿ ಹಿಡಿದ್ರು, ಆ ಭಯ ನನಗೆ ಅರ್ಥ ಆಗುತ್ತೆ. ಆದ್ರೂ ಸರ್ಕಾರದ ಅನುಮತಿ ಇಲ್ದೆ ವಾಪಸ್ ಬಂದು ನೆಲೆಸೋ ಹಾಗಿಲ್ಲ ಅಂತ ಮೊದಲನೇ ಕಲಮಿನಲ್ಲೇ ಬರೆದಿದ್ದು ನನಗೆ ಒಪ್ಪೋಕೆ ಆಗಲ್ಲ.

ಟರ್ಕಿ ಕರಾವಳಿಯ ಅಯ್ವಲಿಕ್‌ನಲ್ಲಿ ಗ್ರೀಕರು ಬಿಟ್ಟುಹೋದ ಕಲ್ಲಿನ ಮನೆಗಳಿಗೆ ಲೆಸ್ಬೋಸ್ ದ್ವೀಪದಿಂದ ಬಂದ ಮುಸ್ಲಿಮರನ್ನ ತಂದು ಇಳಿಸಿದ್ರು. ಆ ಮನೆಗಳನ್ನ ಬಿಟ್ಟುಹೋದ ಗ್ರೀಕರಲ್ಲಿ ಎಷ್ಟೋ ಜನ ಹೋಗಿ ಸೇರಿದ್ದು ಅದೇ ಲೆಸ್ಬೋಸ್‌ಗೆ. ಅಯ್ವಲಿಕ್ ಕಡೆಯಿಂದ ನೋಡಿದ್ರೆ ಆ ದ್ವೀಪ ಬರಿಗಣ್ಣಿಗೇ ಕಾಣುತ್ತೆ.