ತಿರುವಿಗೆ ವಾಲುವ ರೈಲು: ಯಾಕುಮೊದಲ್ಲಿ ಒಂದು ಹಗಲು

ಜಪಾನಿನ ಒಕಾಯಾಮಾದಿಂದ ಇಝುಮೊಗೆ ಹೋಗುವ ‘ಯಾಕುಮೊ’ ಲಿಮಿಟೆಡ್ ಎಕ್ಸ್‌ಪ್ರೆಸ್‌ನಲ್ಲಿ ದಶಕಗಳಿಂದ ಓಡುತ್ತಿದ್ದ 381 ಸರಣಿಯ ವಿದ್ಯುತ್ ರೈಲುಗಳು 2024ರಲ್ಲಿ ಸೇವೆಯಿಂದ ಹೊರಹೋಗಲಿವೆ ಎಂದು ತಿಳಿದಾಗ, ಆ ವರ್ಷದ ಮಾರ್ಚ್‌ನಲ್ಲೇ ಹೋಗಿ ಅದರಲ್ಲಿ ಕುಳಿತುಬಂದೆ. ಒಕಾಯಾಮಾ ನಿಲ್ದಾಣದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದರ ಬೋಳು ಛಾವಣಿ. ಹವಾನಿಯಂತ್ರಣ ಯಂತ್ರಗಳನ್ನು ಮೇಲಿಡದೆ ನೆಲದ ಕೆಳಗೆ ಅಳವಡಿಸಿ, ಬೋಗಿಯ ಒಡಲನ್ನು ಅಲ್ಯೂಮಿನಿಯಂನಲ್ಲಿ ಕಟ್ಟಿ, ಭಾರವೆಲ್ಲ ತಳದಲ್ಲೇ ಉಳಿಯುವಂತೆ ಮಾಡಿದ್ದಾರೆ. ಇದು ವಾಲುತ್ತಾ ಓಡಬೇಕಾದ ರೈಲು.

ಊರು ದಾಟಿ ತಕಾಹಾಶಿ ನದಿಯ ಕಣಿವೆ ಹೊಕ್ಕ ಮೇಲೆ ಹಾಕುಬಿ ಮಾರ್ಗದ ತಿರುವುಗಳು ಒಂದರ ಬೆನ್ನಿಗೊಂದು ಬರತೊಡಗಿದವು. ಕಿಟಕಿಯ ಬಳಿ ಇಟ್ಟಿದ್ದ ಚಹಾದ ಬಾಟಲಿಯನ್ನೇ ನೋಡುತ್ತಾ ಕುಳಿತೆ. ತಿರುವು ಶುರುವಾಗುತ್ತಿದ್ದಂತೆ ಚಹಾ ಹೊರಬದಿಗೆ ಸರಿಯುತ್ತಿತ್ತು. ಮರುಕ್ಷಣ ಬೋಗಿಯೇ ಒಳಬದಿಗೆ ವಾಲಿ, ಹೊರಗಿನ ಬೆಟ್ಟ ಓರೆಯಾಗಿ ಕಂಡರೂ ಬಾಟಲಿಯೊಳಗಿನ ಮಟ್ಟ ಮತ್ತೆ ಸಮವಾಗುತ್ತಿತ್ತು. ಚಕ್ರಗಳ ಚೌಕಟ್ಟಿನ ಮೇಲಿನ ಉರುಳೆಗಳ ಮೇಲೆ ಕುಳಿತ ಬೋಗಿಯನ್ನು ತಿರುವಿನ ಹೊರದೂಡುವ ಬಲವೇ ಸುಮಾರು 5 ಡಿಗ್ರಿಯವರೆಗೆ ವಾಲಿಸುತ್ತದೆ. ಅದಕ್ಕೆ ಬೇರೆ ಮೋಟಾರಿನ ಹಂಗಿಲ್ಲ. 1,067 ಮಿ.ಮೀ. ಅಗಲದ ಹಳೆಯ ಹಳಿಗಳನ್ನು ನೇರಗೊಳಿಸುವ ಭಾರೀ ಖರ್ಚಿಲ್ಲದೆಯೇ, ಕೆಲವು ತಿರುವುಗಳಲ್ಲಿ ಇತರ ರೈಲುಗಳಿಗಿಂತ ಗಂಟೆಗೆ 20 ಕಿ.ಮೀ.ವರೆಗೆ ಹೆಚ್ಚು ವೇಗ ದಕ್ಕಿದ್ದು ಇದರಿಂದಲೇ. ಇಷ್ಟು ಸರಳವಾದ ಉಪಾಯಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಆದರೆ ಬಾಟಲಿ ತೋರಿಸಿದ ಆ ಒಂದು ಕ್ಷಣದ ತಡವೇ ಈ ರೈಲಿನ ದೋಷವೂ ಹೌದು. ಉರುಳೆಗಳ ಘರ್ಷಣೆಯಿಂದಾಗಿ ಬೋಗಿ ಮೊದಲು ತಡೆದು, ಆಮೇಲೆ ಒಮ್ಮೆಲೇ ವಾಲುವುದರಿಂದ ಹೊಟ್ಟೆ ತೊಳಸುತ್ತದೆ. ಕೈತೊಳೆಯುವ ಜಾಗದ ಬಳಿ ವಾಂತಿ ಚೀಲಗಳನ್ನು ಇಟ್ಟಿದ್ದರು. ನನ್ನ ಎದುರು ಸಾಲಿನ ಹಿರಿಯ ಮಹಿಳೆಯೊಬ್ಬರು ನೀಮಿ ದಾಟುವವರೆಗೂ ಕಣ್ಣು ಮುಚ್ಚಿ, ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೇ ಇದ್ದರು.

1973ರಲ್ಲಿ ನಗೋಯಾ–ನಾಗಾನೊ ನಡುವಿನ ‘ಶಿನಾನೊ’ ಎಕ್ಸ್‌ಪ್ರೆಸ್‌ನಲ್ಲಿ ಈ ಸರಣಿ ಸೇವೆ ಆರಂಭಿಸಿತು, 1978ರಲ್ಲಿ ಕೀ ಪರ್ಯಾಯದ್ವೀಪದ ಕರಾವಳಿಯ ‘ಕುರೊಶಿಯೊ’ಗೂ ಬಂತು. 1972ರಲ್ಲಿ ಬುಲೆಟ್ ರೈಲು ಶಿನ್‌ಕಾನ್‌ಸೆನ್ ಒಕಾಯಾಮಾ ತಲುಪಿದಾಗ ಹುಟ್ಟಿದ ಯಾಕುಮೊ ಮೊದಲು ಡೀಸೆಲ್ ರೈಲಾಗಿತ್ತು. 1982ರಲ್ಲಿ ಮಾರ್ಗಕ್ಕೆ ವಿದ್ಯುತ್ ತಂತಿ ಬಂದ ಮೇಲೆ 381 ಇಲ್ಲಿಗೆ ಬಂತು. 1987ರಲ್ಲಿ ರಾಷ್ಟ್ರೀಯ ರೈಲ್ವೆಯೇ ಹೋಳಾಗಿ ಖಾಸಗಿಯಾದರೂ ಇದರ ಓಟ ನಿಲ್ಲಲಿಲ್ಲ. ಉಳಿದ ಎರಡು ಮಾರ್ಗಗಳಲ್ಲಿ ಹೊಸ ರೈಲುಗಳು ಬಂದು ಇದು ಮರೆಯಾದ ಮೇಲೂ ಈ ಬೆಟ್ಟಗಳ ನಡುವೆ ದುಡಿಯುತ್ತಲೇ ಇತ್ತು.

ಯೊನಾಗೊ ಸಮೀಪಿಸಿದಾಗ ಬಲಗಡೆ 1,729 ಮೀಟರ್ ಎತ್ತರದ ದೈಸೆನ್ ಪರ್ವತ ಕಂಡಿತು. ಅಷ್ಟರಲ್ಲಿ ಎದುರಿನ ಮಹಿಳೆ ಚೇತರಿಸಿಕೊಂಡು ಊಟದ ಡಬ್ಬಿ ಬಿಚ್ಚಿದ್ದರು.

ಏಪ್ರಿಲ್ 6ರಂದು ಇದರ ಜಾಗಕ್ಕೆ ಬಂದ ಹೊಸ 273 ಸರಣಿ ಓಡತೊಡಗಿತು. ಜೂನ್ 14ಕ್ಕೆ 381ರ ನಿತ್ಯದ ಸೇವೆ ಮುಗಿಯಿತು. ತಿರುವುಗಳ ವಿವರವನ್ನು ಮೊದಲೇ ತನ್ನಲ್ಲಿ ಇಟ್ಟುಕೊಂಡಿರುವ ಹೊಸ ರೈಲು ತಕ್ಕ ಹೊತ್ತಿಗೆ ತಾನೇ ವಾಲುತ್ತದೆ. ಹಳೆಯದರ ಮೇಲೆ ನನಗೆ ಎಷ್ಟೇ ಮಮತೆಯಿದ್ದರೂ, ಆ ಮಹಿಳೆಯಂಥವರು ಕಣ್ಣು ತೆರೆದು ನದಿ ನೋಡುತ್ತಾ ಹೋಗಬಹುದಾದರೆ ಈ ಬದಲಾವಣೆ ಆಗಲೇಬೇಕಾಗಿತ್ತು.