ಫೈಬರ್ ಮೈಯ ಫೆರಾರಿ ಮತ್ತು ಇಪ್ಪತ್ಮೂರು ವರ್ಷ ಹಳೆಯ ಹಾಡು

1986ರಲ್ಲಿ ಜಾನ್ ಹ್ಯೂಸ್ ನಿರ್ದೇಶಿಸಿದ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ ಚಿತ್ರದಲ್ಲಿ ಶಿಕಾಗೋ ಸಮೀಪದ ಫೆರಿಸ್ ಎಂಬ ಹುಡುಗ ಕಾಯಿಲೆಯ ನೆಪ ಹೂಡಿ ಶಾಲೆ ತಪ್ಪಿಸುತ್ತಾನೆ. ಗೆಳೆಯನ ತಂದೆ ಮುಟ್ಟಗೊಡದೆ ಜೋಪಾನ ಮಾಡಿದ್ದ ಕೆಂಪು ಫೆರಾರಿಯಲ್ಲಿ ಊರು ಸುತ್ತುತ್ತಾನೆ. ಕಥೆ ಇಷ್ಟೇ. ಆದರೆ ಅದರ ಕಾರಿಗೂ ಹಾಡುಗಳಿಗೂ ದೊರೆತ ಖ್ಯಾತಿ ದೊಡ್ಡದು, ಆ ಖ್ಯಾತಿಯಲ್ಲಿ ಹೊಸದೂ ಅಸಲಿಯೂ ಆಗಿದ್ದುದು ಮಾತ್ರ ಬಹಳ ಕಡಿಮೆ.

ಕಥೆಯ ಪ್ರಕಾರ ಅದು 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ. ಆ ಮಾದರಿಯ ಕಾರುಗಳು ತಯಾರಾದದ್ದೇ ನೂರರ ಆಸುಪಾಸು; ಅವುಗಳಲ್ಲೊಂದು 2015ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 1.6 ಕೋಟಿ ಯೂರೋ ದಾಟಿತು. ಅಂಥದ್ದನ್ನು ಗಾಳಿಯಲ್ಲಿ ನೆಗೆಸುವ ಧೈರ್ಯ ಯಾರಿಗೂ ಇರಲಾರದು. ಆದ್ದರಿಂದ ಓಡುವ, ಹಾರುವ ದೃಶ್ಯಗಳಿಗೆ ಮೊಡೆನಾ ಡಿಸೈನ್ ಎಂಬ ಸಂಸ್ಥೆಯ ಫೈಬರ್‌ಗ್ಲಾಸ್ ಪ್ರತಿಕೃತಿಗಳನ್ನು ಬಳಸಿದರು. ಉಪ್ಪುಗಾಳಿಗೆ ಕಾರಿನ ಬಾಗಿಲಡಿ ಬೇಗನೆ ತುಕ್ಕು ಹಿಡಿಯುವ ಕಾರವಾರದಲ್ಲಿದ್ದು, ಬೈತಖೋಲಿನ ಫೈಬರ್ ದೋಣಿಗಳನ್ನು ದಿನವೂ ನೋಡುವ ನನಗೆ ಇದೊಂದು ಮೋಸವೆಂದು ಅನಿಸುವುದಿಲ್ಲ.

ಕೋಡಿಬಾಗದಲ್ಲಿ ಗ್ಯಾರೇಜು ನಡೆಸುವ ಅಕ್ಕನ ಮಗನಿಗೆ ಈ ಚಿತ್ರ ತೋರಿಸಿದಾಗ ಅವನ ಕಣ್ಣು ನೆಟ್ಟದ್ದು ಮೀಟರಿನ ಮೇಲೆ. ಪಾರ್ಕಿಂಗ್ ಆಳುಗಳು ಗುಟ್ಟಾಗಿ ಕಾರು ಓಡಿಸಿ ಮೈಲಿ ಏರಿಸಿರುತ್ತಾರೆ. ಅದನ್ನು ಇಳಿಸಲು ಹುಡುಗರು ಹಿಂಗಾಲಿಗಳನ್ನು ಜಾಕಿನಿಂದ ಎತ್ತಿ, ರಿವರ್ಸ್ ಗೇರಿನಲ್ಲಿ ಎಂಜಿನ್ ಓಡಿಸುತ್ತಾರೆ. ಅಂಕಿ ಇಳಿಯುವುದಿಲ್ಲ. ಸಿಟ್ಟಿಗೆದ್ದ ಗೆಳೆಯ ಕಾರಿಗೆ ಒದೆಯುತ್ತಾನೆ, ಅದು ಜಾಕಿನಿಂದ ಜಾರಿ ಗಾಜಿನ ಗೋಡೆ ಒಡೆದುಕೊಂಡು ಕೆಳಗಿನ ಕಂದರಕ್ಕೆ ಬೀಳುತ್ತದೆ. “ಮಾವ, ಬರೀ ಜಾಕಿನ ಮೇಲೆ ಗಾಡಿ ಚಾಲೂ ಇಡ್ತಾರಾ? ಅಡಿಗೆ ಸ್ಟ್ಯಾಂಡ್ ಕೊಡಬೇಕಿತ್ತಲ್ಲ” ಎಂದು ಅವನು ನಿಜವಾಗಿಯೇ ನೊಂದುಕೊಂಡನು. ಹಳೆ ಗಾಡಿ ಮಾರುವವರು ಮೀಟರ್ ಹಿಂದೆ ತಿರುಗಿಸುವ ಕಥೆಗಳು ಅವನ ಬಳಿ ಬೇಕಾದಷ್ಟಿವೆ. ಅವು ಇಲ್ಲಿ ಬೇಡ.

ಹಾಡುಗಳ ವಿಷಯವೂ ಹೀಗೆಯೇ. ಶಿಕಾಗೋ ಬೀದಿಯ ಮೆರವಣಿಗೆಯಲ್ಲಿ ಫೆರಿಸ್ ತುಟಿಯಾಡಿಸುವ ‘ಟ್ವಿಸ್ಟ್ ಅಂಡ್ ಶೌಟ್’ ಬ್ರಿಟನ್ನಿನ ವಾದ್ಯತಂಡ ಬೀಟಲ್ಸ್‌ನವರದೂ ಮೂಲತಃ ಅಲ್ಲ. ಅವರಿಗಿಂತ ಮುಂಚೆ 1962ರಲ್ಲಿ ಐಸ್ಲಿ ಬ್ರದರ್ಸ್ ಅದನ್ನು ಜನಪ್ರಿಯಗೊಳಿಸಿದ್ದರು. 1963ರ ಫೆಬ್ರುವರಿ 11ರಂದು ದಿನವಿಡೀ ನಡೆದ ಧ್ವನಿಮುದ್ರಣದ ಕೊನೆಗೆ, ನೆಗಡಿಯಿಂದ ಕಟ್ಟಿದ ಗಂಟಲಿನಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಹಾಡಿದ ಆ ಹಾಡು 1986ರಲ್ಲಿ ಅಮೆರಿಕದ ಜನಪ್ರಿಯ ಪಟ್ಟಿಗೆ ಮರಳಿ 23ನೆಯ ಸ್ಥಾನದವರೆಗೆ ಏರಿತು. ಅದೇ ವರ್ಷದ ‘ಬ್ಯಾಕ್ ಟು ಸ್ಕೂಲ್’ ಚಿತ್ರದಲ್ಲೂ ಆ ಹಾಡು ಇದ್ದುದರಿಂದ ಪೂರ್ತಿ ಶ್ರೇಯಸ್ಸು ಫೆರಿಸ್‌ಗೆ ಸಲ್ಲದು. ಚಿತ್ರಕ್ಕಾಗಿ ಸೇರಿಸಿದ ತುತ್ತೂರಿಗಳು ಅದೇ ತಂಡದ ಪಾಲ್ ಮ್ಯಾಕಾರ್ಟ್ನಿಗೆ ಹಿಡಿಸಲಿಲ್ಲ. ನನಗೂ ಆ ಒಡೆದ ಗಂಟಲೇ ಸಾಕು.

ಕಾರಿನ ಮೊದಲ ದರ್ಶನಕ್ಕೆ ಬಳಸಿದ ‘ಓ ಯಾ’ ಸ್ವಿಟ್ಜರ್‌ಲೆಂಡಿನ ಯೆಲ್ಲೊ ಜೋಡಿ 1985ರಲ್ಲಿ ಹೊರತಂದ ಹಾಡು. ಡೀಟರ್ ಮೈಯರ್ ಅವರ ಧ್ವನಿಯನ್ನು ಯಂತ್ರದಿಂದ ತಗ್ಗಿಸಿ ಗಡಸುಗೊಳಿಸಿದ್ದಾರೆ, ಸಾಹಿತ್ಯವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದೂ, ಅದೇ ಮೆರವಣಿಗೆಯಲ್ಲಿ ಬರುವ ವೇಯ್ನ್ ನ್ಯೂಟನ್ನನ 1963ರ ‘ಡಾಂಕೆ ಶೋನ್’ ಕೂಡ, ಒಂದೇ ಆಲ್ಬಮ್ಮಿನಲ್ಲಿ ಹೊಂದಿಕೊಳ್ಳಲಾರವೆಂದು ಹ್ಯೂಸ್ ಆಗ ಧ್ವನಿಸುರುಳಿಯನ್ನೇ ಹೊರತರಲಿಲ್ಲ. ಅಧಿಕೃತ ಸಂಕಲನ ಬಂದದ್ದು 2016ರಲ್ಲಿ. ಹ್ಯೂಸ್ ಎಣಿಕೆ ಸರಿಯೇ ಇತ್ತೆನ್ನಬೇಕು, ಏಕೆಂದರೆ ಕಣ್ಣೆದುರು ಆ ಕೆಂಪು ಕಾರು ಇಲ್ಲದೆ ‘ಓ ಯಾ’ ಕೇಳಿದರೆ ನನಗೆ ಎರಡು ನಿಮಿಷದಲ್ಲೇ ಬೇಸರ ಬರುತ್ತದೆ.