"ಇನ್ನೂ ಚರ್ಚಿಗೆ ಹೋಗ್ತೀರಾ?" ಅಂತ ಕೇಳುವವರಿಗೆ

ಪ್ರಶ್ನೆ ಯಾವಾಗಲೂ ಹೀಗೇ ಬರುತ್ತದೆ: "ನಂಗೆ ಯೇಸು ಇಷ್ಟ, ಚರ್ಚ್ ಆಗಲ್ಲ. ನೀವು ಇನ್ನೂ ಹೋಗ್ತೀರಾ?" ಆ 'ಇನ್ನೂ' ನೋಡಿ. ಸಿಗರೇಟು ಬಿಟ್ಟಿಲ್ವಾ ಅಂತ ಕೇಳಿದ ಹಾಗೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಸಾಕಾಯಿತು.

ಕೊನೆಯ ಸಲ ಒಬ್ಬರು ಇದನ್ನು ಕೇಳಿದ್ದು ಸಾವಿನ ಮನೆಯಲ್ಲಿ. ತೀರಿಕೊಂಡವರು ನಮ್ಮ ಸಭೆಯ ಒಬ್ಬ ಒಂಟಿ ಅಜ್ಜಿ. ಕೇಳಿದವರು ಕೂತಿದ್ದ ಕುರ್ಚಿಯ ಬೆನ್ನಿಗೆ ಬಿಳಿ ಪೇಂಟಲ್ಲಿ ಚರ್ಚಿನ ಹೆಸರಿತ್ತು. ಅದಕ್ಕೇ ಒರಗಿಕೊಂಡು, "ದೇವರಿಗೂ ನಮಗೂ ಮಧ್ಯೆ ಈ ಕಮಿಟಿ ಎಲ್ಲಾ ಯಾಕ್ರೀ?" ಅಂದರು. ಬೆಳಿಗ್ಗೆ ಅಂಥ 40 ಕುರ್ಚಿ ಇಳಿಸಿ ನನ್ನ ಸೊಂಟ ಹಿಡಿದಿತ್ತು. ಸಾವಿನ ಮನೆ ಅಲ್ವಾ ಅಂತ ಬಾಯಿ ಮುಚ್ಚಿಕೊಂಡೆ.

ಈಗ ಹೇಳುತ್ತೇನೆ. ಅಂಥ ಅಜ್ಜಿ ಯಾರ ಕಣ್ಣಿಂದಲೂ ತಪ್ಪಿಹೋಗಬಾರದು ಅಂತಲೇ ಕಮಿಟಿ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು, ಆರನೇ ಅಧ್ಯಾಯ ತೆಗೆಯಿರಿ. ಜೆರೂಸಲೇಮಿನ ಮೊದಲ ಸಭೆಯಲ್ಲೇ ಗೊಣಗಾಟ: ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ! ಯಾರೂ ಕೆಟ್ಟವರಲ್ಲ, ನೋಡಿಕೊಳ್ಳುವವರು ಇರಲಿಲ್ಲ ಅಷ್ಟೆ. ಏಳು ಜನರನ್ನು ಆರಿಸಿ ಆ ಕೆಲಸ ಒಪ್ಪಿಸಿದರು. ಕಮಿಟಿ ಅಲ್ಲದೆ ಮತ್ತೇನು ಅದು? ಸುಮಾರು 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದಲ್ಲಿ ಲೆಕ್ಕವೇ ಇದೆ: 46 ಪಾದ್ರಿಗಳು, 7 ಡೀಕನ್ನರು (ಪಾದ್ರಿಗಳಿಗಿಂತ ಕೆಳಗಿನ ಸಭಾಸೇವಕರು), ಸಭೆ ಸಾಕುತ್ತಿದ್ದ ವಿಧವೆಯರು ಮತ್ತು ಕಷ್ಟದಲ್ಲಿದ್ದವರು 1,500ಕ್ಕೂ ಜಾಸ್ತಿ. ಮನೇಲಿ ಒಬ್ಬರೇ ಕೂತು ಪ್ರಾರ್ಥನೆ ಮಾಡಿದರೆ ಇಷ್ಟು ಜನರ ಹೊಟ್ಟೆ ತುಂಬಲ್ಲ.

"ಎಲ್ಲಾ ದುಡ್ಡಿಗೆ" ಅನ್ನುವವರು ಒಂದು ಭಾನುವಾರ ಕಾಣಿಕೆ ಎಣಿಸಲು ಬನ್ನಿ. ಇಬ್ಬರು ಎಣಿಸಬೇಕು, ಇಬ್ಬರೂ ಸಹಿ ಹಾಕಬೇಕು. ಒಂದು ವಾರ ಚೀಲದಲ್ಲಿ ಅಂಗಿಯ ಗುಂಡಿ ಸಿಕ್ಕಿತ್ತು. "ಕಪಟಿಗಳೇ ತುಂಬಿದ್ದಾರೆ" ಅನ್ನುವವರು ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರ ಓದಿ. ಗುಂಪುಗಾರಿಕೆ, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದು, ಪ್ರಭು ಭೋಜನಕ್ಕೆ (ಯೇಸುವಿನ ನೆನಪಿನ ರೊಟ್ಟಿ-ದ್ರಾಕ್ಷಾರಸದ ಊಟಕ್ಕೆ) ಬಂದು ಕುಡಿದು ಅಮಲೇರುವುದು. ನಮ್ಮವರು ಎಷ್ಟೋ ವಾಸಿ.

ಮಕ್ಕಳ ಮೇಲಿನ ದೌರ್ಜನ್ಯದ ಮಾತು ಬಂದಾಗ ಮಾತ್ರ ನಾನು ವಾದ ಮಾಡಲ್ಲ. ತಪ್ಪು ಮಾಡಿದ ಪಾದ್ರಿಗಳನ್ನು ಒಂದು ಊರಿಂದ ಇನ್ನೊಂದು ಊರಿಗೆ ಕಳಿಸಿ ಮುಚ್ಚಿಟ್ಟಿದ್ದು 2002ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬಯಲಾಯಿತು. ಅದಕ್ಕೆ ಸಮರ್ಥನೆ ಇಲ್ಲ. ಒಂದೇ ಮಾತು: ಅಲ್ಲಿ ಸಾಕ್ಷಿಯಾಗಿ ನಿಂತಿದ್ದು ಚರ್ಚಿನದ್ದೇ ಕಡತಗಳು. ಕಡತ, ಕಮಿಟಿ ಯಾವುದೂ ಇಲ್ಲದೆ ಒಬ್ಬನೇ ಗುಂಪು ಕಟ್ಟಿಕೊಂಡು ಮೆರೆಯುವವನ ಹತ್ತಿರ ಏನು ಹುಡುಕುತ್ತೀರಿ? ಇದನ್ನು ಬರೆಯುವಾಗಲೂ ಜಾರಿಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ. ಇರಲಿ.

ಯಾರಾದರೂ "ಅಲ್ಲಿರೋರ ಜೊತೆ ಹೇಗ್ರೀ ಏಗ್ತೀರಿ?" ಅಂತ ಕೇಳಿದ್ದರೆ ಖುಷಿಯಾಗುತ್ತಿತ್ತು. ನನ್ನ ಹಿಂದಿನ ಬೆಂಚಿನವನು ಕೀರ್ತನೆಯನ್ನು ಶ್ರುತಿ ಬಿಟ್ಟು, ಅದೂ ಜೋರಾಗಿ ಹಾಡುತ್ತಾನೆ. ಲೆಕ್ಕಪತ್ರದ ಮೀಟಿಂಗಲ್ಲಿ ಜಗಳವಾಗಿ ಮೂರು ವರ್ಷದಿಂದ ಮಾತಿಲ್ಲ. ಆವತ್ತು ಗಾಡಿ ಮೇಲೆ ನಿಂತು ನನಗೆ ಕುರ್ಚಿ ಇಳಿಸಿಕೊಟ್ಟವನು ಅವನೇ. ಒಂದಾದ ಮೇಲೊಂದು, ತುಟಿ ಪಿಟಕ್ಕೆನ್ನದೆ. ಕೊನೆಯದು ಕೊಡುವಾಗ, "ಇದರ ಕಾಲು ಸರಿ ಇಲ್ಲ, ಯಾರಿಗೂ ಹಾಕ್ಬೇಡ" ಅಂದ.

ಪಕ್ಕಕ್ಕಿಟ್ಟೆ. ಪ್ರಶ್ನೆ ಕೇಳಿದ ಮಹಾಶಯರಿಗೆ ಅದನ್ನೇ ಹಾಕಬಹುದಿತ್ತು ಅಂತ ಆಮೇಲೆ ಹೊಳೆಯಿತು.